ದಾದಿಯರಿಗೂ ನೀತಿ ಪಾಠವೇ?

ಆರ್.ಟಿ. ನಗರದಲ್ಲೋ ಹೆಬ್ಬಾಳದಲ್ಲೋ ಪಾಳಿಯ ಕೆಲಸಕ್ಕೆ ಬಸ್ಸಿಗಾಗಿ ಕಾದು ನಿಂತ ದಾದಿಯರನ್ನು ನೀವು ನೋಡಿರುತ್ತೀರಿ. ಇಂಜೆಕ್ಷನ್ ಕೊಡುವುದು, ರಕ್ತದೊತ್ತಡ ಅಳೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಇವನ್ನೆಲ್ಲ ಅವರು ಕಾಲೇಜಿನಲ್ಲಿ ಕಲಿತಿರುತ್ತಾರೆ. ವೃತ್ತಿ ನೀತಿಯನ್ನೂ ಕಲಿತಿರುತ್ತಾರೆ. ಹಾಗಿದ್ದರೆ ಕೆಲಸಕ್ಕೆ ಸೇರಿದ ಮೇಲೂ ಅದೇ ಪಾಠ ಮತ್ತೆ ಏಕೆ?

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ವಾರ್ಡಿನಲ್ಲಿರುವ ವೃದ್ಧರೊಬ್ಬರಿಗೆ ಕ್ಯಾನ್ಸರ್. "ಅಪ್ಪನಿಗೆ ಹೇಳಬೇಡಿ ಸಿಸ್ಟರ್" ಎಂದು ಮಗ ಕೈಮುಗಿಯುತ್ತಾನೆ. ರಾತ್ರಿ ಆ ವೃದ್ಧರೇ, "ನನಗೇನಾಗಿದೆ? ನಿಜ ಹೇಳಮ್ಮ" ಎನ್ನುತ್ತಾರೆ. ನೀವು ಆ ದಾದಿಯಾಗಿದ್ದರೆ ಏನು ಮಾಡುವಿರಿ? ಸುಳ್ಳು ಹೇಳಿದರೆ ನಂಬಿಕೆ ಹೋಗುತ್ತದೆ. ರೋಗವನ್ನು ವಿವರಿಸುವ ಹೊಣೆ ವೈದ್ಯರದು, ಆದ್ದರಿಂದ ಥಟ್ಟನೆ ಹೇಳಿಬಿಡುವುದೂ ಸರಿಯಲ್ಲ. ರೋಗಿ ಎಷ್ಟು ತಿಳಿಯಬಯಸುತ್ತಾರೆ ಎಂದು ಕೇಳಿ, ಅದನ್ನು ದಾಖಲಿಸಿ, ವೈದ್ಯರಿಗೆ ತಿಳಿಸಿ, ಮಗನೊಡನೆಯೂ ಮಾತನಾಡಬೇಕು. ಇಂಥ ಜಾಣ್ಮೆ ಪುಸ್ತಕದಿಂದಷ್ಟೇ ಬರುವುದಿಲ್ಲ. ಸಹೋದ್ಯೋಗಿಗಳು ಒಟ್ಟಿಗೆ ಕುಳಿತು ಚರ್ಚಿಸಿದಾಗ ಬರುತ್ತದೆ.

ಇನ್ನೊಂದು ಕಾರಣ, ಕಾನೂನು ಬದಲಾಗುತ್ತಿರುತ್ತದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರಲ್ಲಿ ಅಲ್ಲಿನ ನೌಕರನೊಬ್ಬನ ಹಲ್ಲೆಯಿಂದ ಅವರ ಮಿದುಳಿಗೆ ಪೆಟ್ಟಾಯಿತು. 2015ರಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ದಾದಿಯರು ಅವರನ್ನು ನೋಡಿಕೊಂಡರು. ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಿ ಶಾಂತಿಯಿಂದ ಸಾಯಲು ಬಿಡಬೇಕೆಂಬ ಅರ್ಜಿಯನ್ನು ದಾದಿಯರು ವಿರೋಧಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದು ಎಂದಿತು. 2018ರಲ್ಲಿ, ಘನತೆಯಿಂದ ಸಾಯುವುದೂ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಚಿಕಿತ್ಸೆಯ ಬಗ್ಗೆ ಮುಂಚೆಯೇ ಬರೆದಿಡುವ ಇಚ್ಛಾಪತ್ರವನ್ನು ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇದನ್ನು ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. 2005ರಲ್ಲಿ ಓದು ಮುಗಿಸಿದ ದಾದಿಯ ಪಠ್ಯದಲ್ಲಿ ಇದಾವುದೂ ಇರಲಿಲ್ಲ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯಂತೆ ಗುಣವಾಗದ ರೋಗಿಗಳನ್ನು ಮನೆಗೇ ಹೋಗಿ ಆರೈಕೆ ಮಾಡುವ ಕಡೆ ಈ ತಿಳಿವಳಿಕೆ ದಿನವೂ ಬೇಕಾಗುತ್ತದೆ.

ಗುಟ್ಟು ಕಾಯುವ ವಿಷಯವೂ ಹಾಗೆಯೇ. 2017ರ ಎಚ್.ಐ.ವಿ. ಕಾಯಿದೆಯಂತೆ, ಕಾನೂನು ಹೇಳುವ ಕೆಲವು ಸಂದರ್ಭಗಳ ಹೊರತು, ಸೋಂಕಿತರ ಒಪ್ಪಿಗೆಯಿಲ್ಲದೆ ಆ ವಿಷಯವನ್ನು ಬಹಿರಂಗಪಡಿಸುವಂತಿಲ್ಲ. ರೋಗಿ ನಿಮ್ಮ ಬೀದಿಯವರೇ ಆಗಿದ್ದರೂ ಮನೆಯಲ್ಲಿ ಬಾಯಿ ಬಿಡುವಂತಿಲ್ಲ. ಮೊಬೈಲಿನಲ್ಲಿ ವಾರ್ಡಿನ ಚಿತ್ರ ತೆಗೆದು ಗೆಳೆಯರಿಗೆ ಕಳಿಸುವುದು ಹಳೆಯ ಪಠ್ಯ ಕಾಣದಿದ್ದ ಹೊಸ ಅಪಾಯ.

ಭಾರತೀಯ ಶುಶ್ರೂಷಾ ಪರಿಷತ್ತು 2006ರಲ್ಲಿ ದಾದಿಯರಿಗಾಗಿ ನೀತಿ ಸಂಹಿತೆಯನ್ನು ಹೊರತಂದಿತು. ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಲು 150 ಗಂಟೆಗಳ ಮುಂದುವರಿಕೆ ಶಿಕ್ಷಣ ಬೇಕೆಂದೂ ಗೊತ್ತುಪಡಿಸಿತು. ಅಂದರೆ ವರ್ಷಕ್ಕೆ ಸರಾಸರಿ 30 ಗಂಟೆ. ರಾತ್ರಿ ಪಾಳಿ ಮುಗಿಸಿ ಬಂದವರು ತೂಕಡಿಸುತ್ತ ಹಾಜರಿ ಹಾಕಿದರೆ ಪ್ರಮಾಣಪತ್ರ ಸಿಗಬಹುದು, ಕಲಿಕೆ ಆಗದು. ಆದುದರಿಂದ ಕೆಲಸದ ವೇಳೆಯಲ್ಲೇ ಇದಕ್ಕೆ ಬಿಡುವು ಕೊಡುವುದು ಆಸ್ಪತ್ರೆಗಳ ಕರ್ತವ್ಯ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಮುಂದೆ ಈ ವೃತ್ತಿಗೆ ಬರಬಹುದು. ಉಳಿದವರು ಎಂದಾದರೊಮ್ಮೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತೇ ಕುಳಿತಿರುತ್ತೀರಿ. ಮೇಲಿನ ಸಂದರ್ಭದಲ್ಲಿ ಆ ಮಗ ನೀವೇ ಆಗಿದ್ದರೆ ಸಿಸ್ಟರ್ ಬಳಿ ಏನು ಕೇಳುತ್ತಿದ್ದಿರಿ? ತರಗತಿಯಲ್ಲಿ ಚರ್ಚಿಸಿ ನೋಡಿ.