ರೋಲಂಡನ ಕೊಂಬು ಮತ್ತು ಏಳನೆಯ ತರಗತಿ

ಕೊಂಬನ್ನು ಊದಬೇಕಿತ್ತೇ, ಊದದೇ ಇದ್ದದ್ದೇ ಸರಿಯೇ? ಈ ಪ್ರಶ್ನೆಯ ಮೇಲೆ ನನ್ನ ಏಳನೆಯ ತರಗತಿ ಎರಡು ಪಕ್ಷವಾಗಿ ಒಡೆಯಿತು. ಗಂಟೆ ಬಾರಿಸಿದ ಮೇಲೂ ವಾದ ನಿಲ್ಲಲಿಲ್ಲ.

ಮಧ್ಯಯುಗದ ಯೂರೋಪಿನ ನೈಟ್‌ಗಳ ಬಗ್ಗೆ ಪಾಠ ಮಾಡುವಾಗ ನಾನು ಹೇಳಿದ್ದು ಫ್ರೆಂಚ್ ವೀರಕಾವ್ಯ 'ರೋಲಂಡನ ಗೀತೆ'ಯ ಕಥೆ. ಸ್ಪೇನಿನಲ್ಲಿ ಏಳು ವರ್ಷ ಕಾದಾಡಿ ಮರಳುತ್ತಿರುವ ದೊರೆ ಷಾರ್ಲಮೇನ್. ಸೇನೆಯ ಹಿಂಭಾಗವನ್ನು ಕಾಯುತ್ತಿರುವ ಅವನ ಸೋದರಳಿಯ ರೋಲಂಡ್. ಮಲತಂದೆಯ ದ್ರೋಹದಿಂದ ಪಿರೆನೀಸ್ ಪರ್ವತದ ಇಕ್ಕಟ್ಟಿನ ದಾರಿಯಲ್ಲಿ ಮುತ್ತಿಕೊಳ್ಳುವ ಲಕ್ಷಾಂತರ ಸಾರಸೆನ್ನರು, ಅಂದರೆ ಮುಸ್ಲಿಂ ಸೈನಿಕರು. ಆನೆದಂತದ ಕೊಂಬನ್ನು ಊದಿ ದೊರೆಯನ್ನು ಕರೆಯೆಂದು ಗೆಳೆಯ ಆಲಿವರ್ ಮತ್ತೆ ಮತ್ತೆ ಬೇಡುತ್ತಾನೆ. ಮನೆತನಕ್ಕೆ ಕಳಂಕವೆಂದು ರೋಲಂಡ್ ನಿರಾಕರಿಸುತ್ತಾನೆ. 20,000 ಮಂದಿಯ ಪಡೆ ಅಳಿಯುತ್ತಿರುವಾಗ ಊದುತ್ತಾನೆ, ಕಣತಲೆಯ ನರ ಸಿಡಿಯುವಷ್ಟು ಜೋರಾಗಿ.

"ಅವನ ಮಾನಕ್ಕೆ ಉಳಿದವರು ಯಾಕೆ ಸಾಯಬೇಕು, ಮಿಸ್?" ಎಂದಳು ಒಬ್ಬಳು. "ಕ್ಯಾಪ್ಟನ್ನೇ ಹೆದರಿದರೆ ಟೀಮ್ ನಿಲ್ಲುತ್ತಾ?" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಹನ್ನೆರಡರ ವಯಸ್ಸು ವೀರರನ್ನು ಹುಡುಕುವ ವಯಸ್ಸು. ಆ ದಿನ ನಾನು ನಡುವೆ ಬಾಯಿ ಹಾಕಲಿಲ್ಲ. ಕಥೆಯನ್ನು ಕಥೆಯಾಗಿ ಪೂರ್ತಿ ಕೇಳುವುದು ಮಕ್ಕಳ ಹಕ್ಕು. ಆರಂಭದಲ್ಲೇ ಇತಿಹಾಸದ ಸೂಜಿ ಚುಚ್ಚಿ ಗಾಳಿ ತೆಗೆಯುವ ಶಿಕ್ಷಕರ ಬಗ್ಗೆ ನನಗೆ ಗೌರವವಿಲ್ಲ.

ಇತಿಹಾಸ ಮರುದಿನ ಬಂತು. ಕ್ರಿ.ಶ. 778ರಲ್ಲಿ ಷಾರ್ಲಮೇನ್ ಸ್ಪೇನಿಗೆ ಹೋದದ್ದು ಅಲ್ಲಿನ ಮುಸ್ಲಿಂ ಅಧಿಕಾರಿಯೊಬ್ಬನ ಆಹ್ವಾನದ ಮೇಲೆ. ಸಾರಾಗೋಸಾ ನಗರ ಬಾಗಿಲು ತೆರೆಯಲಿಲ್ಲ. ಮರಳುವ ದಾರಿಯಲ್ಲಿ ಅವನು ಪಾಂಪ್ಲೋನದ ಗೋಡೆಗಳನ್ನು ಕೆಡವಿಸಿದ. ಬಳಿಕ ಬೆಟ್ಟದ ಬಾಸ್ಕ್ ಜನ ಅವನ ಹಿಂಬದಿಯ ಪಡೆಯ ಮೇಲೆರಗಿ, ಸರಕನ್ನು ದೋಚಿ, ಕತ್ತಲಲ್ಲಿ ಚದುರಿಹೋದರು. ಆಸ್ಥಾನದ ವಾರ್ಷಿಕ ದಾಖಲೆಯ ಮೊದಲ ಪಾಠ ಈ ಸೋಲಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ದೊರೆಯ ಜೀವನಚರಿತ್ರೆ ಬರೆದ ಐನ್‌ಹಾರ್ಡ್ ಸತ್ತವರ ಪಟ್ಟಿಯಲ್ಲಿ ರೋಲಂಡನ ಹೆಸರನ್ನಷ್ಟೇ ಹೇಳುತ್ತಾನೆ. ಕೊಂಬೂ ಇಲ್ಲ, ದ್ರೋಹವೂ ಇಲ್ಲ. ಮುನ್ನೂರು ವರ್ಷಗಳ ನಂತರ, ಮೊದಲ ಧರ್ಮಯುದ್ಧದ ಆಸುಪಾಸಿನಲ್ಲಿ ಕಾವ್ಯ ರೂಪುಗೊಂಡಾಗ ಬಾಸ್ಕರು ಮಾಯವಾಗಿ ಸಾರಸೆನ್ನರು ಆ ಜಾಗಕ್ಕೆ ಬಂದಿದ್ದರು.

ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. "ಹಾಗಾದರೆ ನಿನ್ನೆ ನೀವು ಹೇಳಿದ್ದು ಸುಳ್ಳಾ, ಮಿಸ್?" ಹಿಂದಿನ ಬೆಂಚಿನ ಅದೇ ಹುಡುಗ. ಅವನ ಮುಖದಲ್ಲಿದ್ದ ನೋವು ನನ್ನನ್ನು ಚುಚ್ಚಿತು. ಶತ್ರುವನ್ನು ಬದಲಾಯಿಸಿದವರಿಗೆ ಅದರಿಂದ ಏನು ಲಾಭವಿತ್ತೆಂದು ನೀನೇ ಯೋಚಿಸು ಎಂದೆ. ತಕ್ಷಣಕ್ಕೆ ಅದು ಅವನಿಗೆ ಸಮಾಧಾನ ಕೊಡಲಿಲ್ಲ.

ಪೋಷಕರೊಬ್ಬರಂತೂ ಫೋನ್ ಮಾಡಿ ಆಕ್ಷೇಪಿಸಿದರು: ಈ ವಯಸ್ಸಿನ ಮಕ್ಕಳಿಗೆ ಆದರ್ಶ ಕೊಡಬೇಕು, ಅನುಮಾನವನ್ನಲ್ಲ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಧೈರ್ಯವನ್ನು ಮೆಚ್ಚುವ ಪಾಠದ ಜೊತೆಗೇ ಯಾರನ್ನು ದ್ವೇಷಿಸಬೇಕು ಎಂಬ ಪಾಠವೂ ಮಗುವಿನ ಮನಸ್ಸಿಗೆ ಸದ್ದಿಲ್ಲದೆ ಇಳಿಯುತ್ತದೆ. ಆ ಎರಡನೆಯದನ್ನು ಬಿಡಿಸಿ ತೋರಿಸದಿದ್ದರೆ ನಾನು ಸಂಬಳಕ್ಕೆ ಅರ್ಹಳಲ್ಲ. ರೋಲಂಡನ ಕಥೆ ಇದಕ್ಕೆ ಅನುಕೂಲ, ಏಕೆಂದರೆ ಅದು ದೂರದ್ದು. ನಮ್ಮ ವೀರರ ಬಗ್ಗೆ ಇದೇ ಪ್ರಶ್ನೆ ಎತ್ತಿದ್ದರೆ ಬಂದ ಫೋನು ಒಂದಕ್ಕೇ ನಿಲ್ಲುತ್ತಿರಲಿಲ್ಲ.

ತಿಂಗಳ ನಂತರ ಮಕ್ಕಳನ್ನು ಬೇಗೂರಿಗೆ ಕರೆದೊಯ್ದೆ. ಬೆಂಗಳೂರಿನ ಹೆಸರನ್ನು ಹೊತ್ತ, ಸುಮಾರು ಸಾವಿರದ ನೂರು ವರ್ಷ ಹಿಂದಿನ ಶಾಸನ ಅಲ್ಲಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯವರು ಸತ್ತರು ಎಂಬಷ್ಟನ್ನು ಅದು ಹೇಳುತ್ತದೆ. ಐನ್‌ಹಾರ್ಡನ ಸಾಲಿನಷ್ಟೇ ಚುಟುಕು. ವೀರಗಲ್ಲಿನ ವಿವರ ಬರೆದುಕೊಳ್ಳಲು ನಾನು ಕೊಟ್ಟ ಹಾಳೆಯಲ್ಲಿ ಸ್ಥಳ, ಕಾಲ, ಸತ್ತವರು, ಎದುರಾಳಿ ಎಂದು ನಾಲ್ಕು ಕಲಂಗಳಿದ್ದವು. ಹೆಚ್ಚಿನವರು ಕೊನೆಯ ಕಲಮಿನಲ್ಲಿ ಯಾವುದಾದರೊಂದು ರಾಜವಂಶದ ಹೆಸರು ತುಂಬಿಸಿದ್ದರು. ಹಿಂದಿನ ಬೆಂಚಿನ ಹುಡುಗ ಮಾತ್ರ ಅದನ್ನು ಖಾಲಿ ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ "ಕಲ್ಲು ಹೇಳಿಲ್ಲ" ಎಂದು ಬರೆದಿದ್ದ.