ಎರೆನೆಲದ ಚಳಿಗಾಲ

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡವೂ ಅದರಾಚೆಗಿನ ಯಲಬುರ್ಗಾ, ಕುಷ್ಟಗಿ ಸೀಮೆಗಳೂ ಬಿಸಿಲಿಗೆ ಹೆಸರಾದ ಊರುಗಳೇ ಹೊರತು ಚಳಿಗಲ್ಲ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು, ನಸುಕಿನ ಹೊತ್ತಿಗೆ 15 ಡಿಗ್ರಿಯ ಹತ್ತಿರಕ್ಕೋ ಕೆಲವು ದಿನ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿದ್ದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕುಸಿದಿದ್ದರೆ ಅದನ್ನು ಹವಾಮಾನ ಇಲಾಖೆ ಶೀತಗಾಳಿ ಎಂದು ಕರೆಯುತ್ತದೆ. ಈ ಅಳತೆಗೋಲಿನಲ್ಲಿ ಇಲ್ಲಿಯ ಚಳಿ ಸುದ್ದಿಯಾಗುವುದು ಅಪರೂಪ. ಆದರೆ ಮಧ್ಯಾಹ್ನಕ್ಕೂ ಮುಂಜಾವಿಗೂ ನಡುವೆ ಹದಿನೈದು ಡಿಗ್ರಿಗಳ ಅಂತರವಿರುವಾಗ, ಹೊಲದಲ್ಲಿಯೇ ಮಲಗುವ ಕುರಿಗಾಹಿಗೆ ಇಲಾಖೆಯ ವ್ಯಾಖ್ಯೆಯಿಂದ ಆಗಬೇಕಾದದ್ದು ಏನೂ ಇಲ್ಲ.

ಈ ಚಳಿಯನ್ನು ಬರಿಯ ಕಷ್ಟವೆಂದು ಎಣಿಸುವುದು ತಪ್ಪಾದೀತು, ಏಕೆಂದರೆ ಎರೆಭೂಮಿಯ, ಅಂದರೆ ಕಪ್ಪುಮಣ್ಣಿನ ಹೊಲಗಳ ಬದುಕು ನಿಂತಿರುವುದೇ ಅದರ ಮೇಲೆ. ಕೆಂಪುಮಣ್ಣಿನ ಮಸಾರಿ ಹೊಲಗಳು ಮುಂಗಾರಿನ ಸಜ್ಜೆ, ಶೇಂಗಾ, ಮೆಕ್ಕೆಜೋಳಗಳನ್ನು ಬೆಳೆದು ಮುಗಿಸುವ ಹೊತ್ತಿಗೆ, ಎರೆಹೊಲಗಳು ಸೆಪ್ಟೆಂಬರ್ ತಿಂಗಳ ಮಳೆಯನ್ನು ಒಡಲಿನಲ್ಲಿ ಹಿಡಿದಿಟ್ಟುಕೊಂಡು ಹಿಂಗಾರಿ ಬಿತ್ತನೆಗೆ ಸಿದ್ಧವಾಗಿರುತ್ತವೆ. ಅಲ್ಲಿಂದ ಮುಂದೆ ಬಿಳಿಜೋಳ, ಕಡಲೆ, ಕುಸುಬೆಗಳು ಹೆಚ್ಚುಕಡಿಮೆ ಮಳೆಯ ನೆರವಿಲ್ಲದೆ, ಮಣ್ಣೊಳಗಿನ ತೇವವನ್ನೇ ನೆಚ್ಚಿ ಬೆಳೆಯಬೇಕು. ತಂಪಾದ ರಾತ್ರಿಗಳು ಆ ತೇವ ಬೇಗ ಆರಿಹೋಗದಂತೆ ಕಾಯುತ್ತವೆ.

ಬೆಳೆಗೂ ಚಳಿಗೂ ಇರುವ ಈ ನಂಟನ್ನು ಕಡಲೆಯ ಗಿಡದಲ್ಲಿ ಕಣ್ಣಾರೆ ಕಾಣಬಹುದು. ಗಿಡ ಗೇಣುದ್ದವಾಗುತ್ತಿದ್ದಂತೆ ಹೆಣ್ಣುಮಕ್ಕಳು ಅದರ ಕುಡಿ ಚಿವುಟುತ್ತಾರೆ; ಇದರಿಂದ ಪಕ್ಕದ ಕವಲುಗಳು ಒಡೆದು ಹೂವೂ ಕಾಯಿಯೂ ಹೆಚ್ಚುತ್ತವೆ, ಚಿವುಟಿದ ಎಳೆಯ ಕುಡಿಗಳು ಹಸಿಯಾಗಿಯೋ ಒಣಗಿಸಿಯೋ ಪಲ್ಯವಾಗುತ್ತವೆ. ಎಲೆ, ಕಾಂಡಗಳ ಮೇಲಿನ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುವುದರಿಂದ, ಇಬ್ಬನಿ ಬಿದ್ದ ಬೆಳಗಿನಲ್ಲಿ ಬರಿಗಾಲಲ್ಲಿ ಕಡಲೆಯ ಹೊಲದೊಳಗೆ ನಡೆದವರ ಕಾಲು ಚುರುಗುಟ್ಟುತ್ತದೆ. ಉತ್ತರ ಕರ್ನಾಟಕದ ರೈತರು ರಾತ್ರಿ ಗಿಡಗಳ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ಸೂರ್ಯ ಮೇಲೇರುವ ಮೊದಲು ಅದನ್ನು ಹಿಂಡಿ ತೆಗೆದ ರಸವನ್ನು ಕಡಲೆ ಹುಳಿಯೆಂದು ಸೀಸೆಯಲ್ಲಿ ಕಾಪಿಟ್ಟು, ಹೊಟ್ಟೆನೋವು, ಅಜೀರ್ಣಗಳಿಗೆ ಮನೆಮದ್ದಾಗಿ ಬಳಸುತ್ತ ಬಂದಿದ್ದಾರೆ. ಇಬ್ಬನಿ ಬೀಳದಿದ್ದರೆ ಹುಳಿಯೂ ಇಲ್ಲ.

ಮಾರ್ಗಶಿರದ ಕೊನೆಗೆ ಬರುವ ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆದುನಿಂತ ಪೈರಿನ ನಡುವೆ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಅಡುಗೆಯ ಎಡೆಯನ್ನು ಎರಚಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿಗಳನ್ನು ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಈ ಕಾಲದ ಅಡುಗೆಯ ಎಳ್ಳು, ಶೇಂಗಾ, ಗುರೆಳ್ಳು, ಅಗಸೆ ಎಲ್ಲವೂ ಎಣ್ಣೆಕಾಳುಗಳೇ ಆಗಿರುವುದು ಆಕಸ್ಮಿಕವೇನೂ ಅಲ್ಲ: ಚರ್ಮ ಒಡೆಯುವ ಒಣಚಳಿಯಲ್ಲಿ ದೇಹ ಬಯಸುವುದು ಜಿಡ್ಡನ್ನೇ. ಜೋಳದ ತೆನೆ ಹಾಲುಗಾಳಾದ ಮೇಲೆ ಸುಟ್ಟು ತಿಕ್ಕಿ ತಿನ್ನುವ ಸೀತನಿಯಂತೂ ಕೆಲವೇ ವಾರಗಳ ಭಾಗ್ಯ. ಪೇಟೆಯ ಯಾವ ತಿನಿಸೂ ಅದರ ಮುಂದೆ ಸಪ್ಪೆ.

ಚಳಿ ಬಿದ್ದರೆ ಇಲ್ಲಿಯ ರೈತ ಹೆದರುವುದಿಲ್ಲ, ಮೋಡ ಕವಿದರೆ ಹೆದರುತ್ತಾನೆ. ಬಂಗಾಳ ಕೊಲ್ಲಿಯಲ್ಲಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಏಳುವ ವಾಯುಭಾರ ಕುಸಿತಗಳು ಒಳನಾಡಿನವರೆಗೂ ಮೋಡ ತಳ್ಳಿದಾಗ ರಾತ್ರಿ ಬೆಚ್ಚಗಾಗುತ್ತದೆ, ಇಬ್ಬನಿ ನಿಲ್ಲುತ್ತದೆ, ಕಡಲೆಗೆ ಕಾಯಿಕೊರಕ ಹುಳುವಿನ ಕಾಟ ಹೆಚ್ಚುತ್ತದೆ. ಒಂದು ಕಾಯಿಯನ್ನು ತೂತು ಮಾಡಿ ಕಾಳು ತಿಂದ ಹುಳು ಅಷ್ಟಕ್ಕೇ ನಿಲ್ಲದೆ ಪಕ್ಕದ ಕಾಯಿಗೆ ದಾಟುವುದರಿಂದ, ಸಿಂಪರಣೆ ನಾಲ್ಕು ದಿನ ತಡವಾದರೂ ಹೊಲದ ಚಿತ್ರ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ, ಕಾರಟಗಿ ಭಾಗದ ಚಿಂತೆ ಬೇರೆ ಬಗೆಯದು. ಅಲ್ಲಿ ಚಳಿಗಾಲವೆಂದರೆ ಎರಡನೆಯ ಭತ್ತದ ಬೆಳೆಗೆ ನೀರು ಸಿಗುವುದೇ ಎಂಬ ಪ್ರಶ್ನೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್‌ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದ ಮೇಲೆ ಆ ಪ್ರಶ್ನೆಯ ಬೆನ್ನಿಗೆ ಹಳೆಯ ಗೇಟುಗಳ ಚಿಂತೆಯೂ ಸೇರಿಕೊಂಡಿತು.

ಹೊದಿಕೆಯ ವಿಷಯದಲ್ಲಿಯೂ ಬದಲಾವಣೆ ಕಡಿಮೆಯಿಲ್ಲ. ದಖ್ಖನಿ ತಳಿಯ ಕುರಿಯ ಕಪ್ಪು ಒರಟು ಉಣ್ಣೆಯನ್ನು ನೂತು, ನೆಯ್ದು, ಹುಣಸೆಬೀಜದ ಗಂಜಿಯಿಂದ ಗಟ್ಟಿಗೊಳಿಸಿದ ಕಂಬಳಿ ಮಳೆಯನ್ನೂ ಚಳಿಯನ್ನೂ ಒಟ್ಟಿಗೆ ತಡೆಯುತ್ತದೆ. ಉಣ್ಣೆಗಿಂತ ಮಾಂಸಕ್ಕೆ ಬೆಲೆ ಬಂದಂತೆ ಕುರಿಗಾರರು ಕೆಂಗುರಿಯಂಥ ಮಾಂಸದ ತಳಿಗಳತ್ತ ಹೊರಳಿದ್ದು, ಸಂತೆಯಲ್ಲಿ ಅಗ್ಗದ ಯಂತ್ರದ ಹೊದಿಕೆಗಳು ಸಿಗುತ್ತಿರುವುದು ಈ ಎರಡೂ ಸೇರಿ ಕುರುಬ ನೇಕಾರರ ಮಗ್ಗಗಳನ್ನು ಬರಿದು ಮಾಡಿವೆ. ಮನೆಗಳದ್ದೂ ಇದೇ ಕಥೆ: ದಪ್ಪ ಗೋಡೆಯ, ಮಣ್ಣು ಮುಚ್ಚಿದ ಮಾಳಿಗೆಮನೆ ಹಗಲಿನ ಕಾವನ್ನು ರಾತ್ರಿಗೆ ಉಳಿಸಿಕೊಡುತ್ತಿತ್ತು, ತಗಡಿನ ಮನೆ ಮಧ್ಯಾಹ್ನ ಕಾದು ಮುಂಜಾವಿಗೆ ಕೊರೆಯುತ್ತದೆ.

ಚಳಿಗಾಲ ಹೊಸದಾಗಿ ತಂದ ತೊಂದರೆಯೆಂದರೆ ಕರಿಧೂಳು. ಶಾಂತವಾದ ನಿರಭ್ರ ರಾತ್ರಿಗಳಲ್ಲಿ ನೆಲ ಬೇಗ ತಣಿದು, ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕೂಡುತ್ತದೆ. ಇದಕ್ಕೆ ಉಷ್ಣತಾ ವಿಪರ್ಯಾಸವೆಂದು ಹೆಸರು. ಆಗ ಕೊಪ್ಪಳ, ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಮತ್ತು ಉಕ್ಕಿನ ಘಟಕಗಳ ಹೊಗೆ ಮೇಲೇರದೆ, ಕಾರ್ಖಾನೆಗಳ ಪಕ್ಕದ ಹಳ್ಳಿಗಳ ಅಂಗಳ, ಮೇವು, ಬೆಳೆಗಳ ಮೇಲೆ ಇಳಿಯುತ್ತದೆ. 2025ರ ಫೆಬ್ರವರಿ 24ರಂದು ಕೊಪ್ಪಳ ನಗರದ ಪಕ್ಕದ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಅಲ್ಲಿಯ ಗವಿಮಠದ ಶ್ರೀಗಳ ನೇತೃತ್ವದಲ್ಲಿ ಜನ ಬೀದಿಗಿಳಿದದ್ದಕ್ಕೆ ಇಂಥ ಅನುಭವಗಳೇ ಹಿನ್ನೆಲೆ.

ಅದೇ ಮಠದ ಗವಿಸಿದ್ಧೇಶ್ವರ ಜಾತ್ರೆ ಪುಷ್ಯ ಬಹುಳ ಬಿದಿಗೆಯ ರಥೋತ್ಸವದೊಂದಿಗೆ ನಡೆಯುತ್ತದೆ. ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಗಳು ಗಾಡಿ, ಟ್ರ್ಯಾಕ್ಟರುಗಳಲ್ಲಿ ಬಂದಿಳಿಯುತ್ತವೆ. ಅದಾದ ಕೆಲವೇ ವಾರಗಳಲ್ಲಿ ಬಿರುಕುಬಿಟ್ಟ ಎರೆಯಿಂದ ಜೋಳದ ದಂಟನ್ನು ಬೇರುಸಹಿತ ಕೀಳುವ ಕೆಲಸ ಆರಂಭವಾಗುತ್ತದೆ. ಆ ಕೆಲಸಕ್ಕೆ ಆಳು ಸಿಗುವುದು ವರ್ಷವರ್ಷಕ್ಕೂ ಕಠಿಣವಾಗುತ್ತಿದ್ದು, ಹಲವರು ಜೋಳ ಬಿಟ್ಟು ಯಂತ್ರದಲ್ಲಿ ಒಕ್ಕಬಹುದಾದ ಕಡಲೆಗೆ ಹೊರಳಿದ್ದಾರೆ. ಅದರಿಂದ ದನಗಳಿಗೆ ಬೇಕಾದ ಕಣಿಕೆ, ಅಂದರೆ ಜೋಳದ ಒಣದಂಟು, ಕೊಂಡು ತರಬೇಕಾದ ಸರಕಾಗಿದೆ.