ಜೂಜಿಗೆ ಬಿದ್ದ ಹಿರಿಯರನ್ನು ಕೈಬಿಡದಿರೋಣ

ದುಂದುಗಾರ ಮಗನ ಸಾಮತಿಯಲ್ಲಿ ಆಸ್ತಿ ಕಳೆದವನು ಮಗ, ಹಾದಿ ಕಾದವನು ತಂದೆ. ನಮ್ಮ ಕೆಲವು ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಹಿರಿಯರ ಪಿಂಚಣಿ, ರೇಷ್ಮೆಗೂಡು ಮಾರಿದ ಹಣ, ಕಡೆಗೆ ಮನೆಯ ಒಡವೆಯೂ ಇಸ್ಪೀಟಿಗೆ ಹೋಗುತ್ತದೆ. ಮಕ್ಕಳು ಮಾನಕ್ಕಂಜಿ ಮೌನವಾಗುತ್ತಾರೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ನಾವು ಲಾಟರಿಯ ಕಾಲವನ್ನು ಮರೆತಿಲ್ಲ. ರಾಮನಗರದ ಶಾಸಕರಾಗಿದ್ದ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, 2007ರಲ್ಲಿ, ರಾಜ್ಯವು ಲಾಟರಿಯನ್ನು ನಿಷೇಧಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆಗೆ 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಚಟ ಬಿಡದು.

ತಡೆಯಲಾಗದ ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಪಾರ್ಕಿನ್ಸನ್ ಕಾಯಿಲೆಗೆ ನೀಡುವ ಕೆಲವು ಔಷಧಗಳಿಂದಲೂ ಈ ಗೀಳು ತಲೆದೋರಬಹುದು. ಅಂಥಲ್ಲಿ ಔಷಧವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಕಥೋಲಿಕ ಧರ್ಮೋಪದೇಶವೂ ಅದೃಷ್ಟದಾಟವನ್ನೇ ಪಾಪವೆನ್ನದು. ತನ್ನ ಮತ್ತು ಪರರ ಅಗತ್ಯವನ್ನು ಕಸಿದಾಗ ಅದು ಒಪ್ಪತಕ್ಕದ್ದಲ್ಲವೆಂದೂ, ಅದರ ಮೋಹ ದಾಸ್ಯವಾಗಬಲ್ಲದೆಂದೂ ಎಚ್ಚರಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ಗುಟ್ಟಾಗಿ ಸಾಲ ತೀರಿಸಿದರೆ ಮುಂದಿನ ಪಂದ್ಯಕ್ಕೆ ದಾರಿ ಮಾಡಿಕೊಟ್ಟಂತೆ. ಹಿರಿಯರನ್ನು ಹೀಯಾಳಿಸದೆ ಜೊತೆಗೆ ಕುಳಿತು ಮಾತಾಡೋಣ. ಅವರ ಒಪ್ಪಿಗೆಯಿಂದ ಹಣದ ಲೆಕ್ಕವನ್ನು ಮನೆಯ ಇನ್ನೊಬ್ಬರು ನೋಡಿಕೊಳ್ಳಲಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯಿದೆ. ಪಾಪನಿವೇದನೆಯ ಜೊತೆಗೆ ವೈದ್ಯರ ನೆರವೂ ಬೇಕು, ಇದರಲ್ಲಿ ನಾಚಿಕೆಯಿಲ್ಲ. ಮರಳಿ ಬರುವ ತಂದೆತಾಯಿಗಾಗಿ ಮನೆಯ ಬಾಗಿಲು ತೆರೆದಿಡೋಣ.